"ಏನೂ ಬರ್ತಿಲ್ಲ" ಅಂತಲೇ ಬರೆಯಿರಿ ಅಂದೆ

(ಹೆಸರು, ಊರು, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸುಮತಿ ಅಂತ ಕರೆಯೋಣ. ವಯಸ್ಸು 23, ಊರು ಬದಿಯಡ್ಕದ ಕಡೆ, ಓದುತ್ತಿರುವುದು ಕನ್ನಡ ಎಂ.ಎ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮೀಡಿಯಂ, ಬಸ್ಸು ಅಂಗಡಿ ಆಫೀಸಲ್ಲಿ ಮಲಯಾಳ. ಕಾಸರಗೋಡಿನವರಿಗೆ ಇದರಲ್ಲಿ ಹೊಸತೇನಿಲ್ಲ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ವಿಷಯ ಕೊಡಬೇಕಿತ್ತು. ಗೈಡ್ ಕೇಳಿ ಕೇಳಿ ಸುಮ್ಮನಾಗಿದ್ದರು. ಮಗಳಿಗೆ ನಿದ್ದೆ ಸರಿ ಇಲ್ಲ ಅಂತ ಅಮ್ಮನೇ ನನ್ನ ಹತ್ತಿರ ಸಲಹೆಗೆ ಕರೆದುಕೊಂಡು ಬಂದರು. "ತಲೆ ಖಾಲಿ ಮೇಡಂ. ಬರೆಯಲಿಕ್ಕೆ ಕೂತರೆ ಎಂತದೂ ಬರುವುದಿಲ್ಲ" ಅಂದರು ಸುಮತಿ.

ಊಟ, ನಿದ್ದೆ, ಬೇಸರ, ಗೆಳತಿಯರ ಜೊತೆ ಓಡಾಟ ಎಲ್ಲ ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಈ ಒಂದು ಕೆಲಸ ಬಿಟ್ಟರೆ ಉಳಿದದ್ದೆಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಬ್ಯಾಗಿನಲ್ಲಿದ್ದ ನೋಟ್‌ಬುಕ್ ತೋರಿಸಲು ಹೇಳಿದೆ. "ಗಡಿನಾಡಿನ ಕನ್ನಡ ಸಾಹಿತ್ಯವು" ಅಂತ ಶುರು, ಅಲ್ಲಿಗೇ ಹೊಡೆದು ಹಾಕಿದ್ದಾರೆ. ಕೆಳಗೆ "ಕಾಸರಗೋಡಿನ ಸಾಂಸ್ಕೃತಿಕ", ಅದೂ ಹೊಡೆದದ್ದು. ಪುಟದ ಮೇಲೆ ಪುಟ ಹೀಗೇ. ಹೊಡೆದ ಗೆರೆಯೂ ಓರೆಯಾಗದ ಹಾಗೆ ಸ್ಕೇಲ್ ಇಟ್ಟು ಎಳೆದಿದ್ದರು! ಯೋಚನೆ ಬರುತ್ತಿತ್ತು, ಮೂರನೇ ಪದಕ್ಕೇ ಅದನ್ನು ತಡೆಯುತ್ತಿದ್ದರು, ಅಷ್ಟೇ.

ಯಾವಾಗಿಂದ ಹೀಗೆ ಅಂತ ಕೇಳಿದಾಗ ಹೈಸ್ಕೂಲಿನ ಮಾತು ಬಂತು. ಇವರ ಪ್ರಬಂಧವನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದ್ದರಂತೆ, ಒಂದು ಮಲಯಾಳ ಪದ, ಒಂದೆರಡು ಕಡೆ ತುಳುವಿನ ಧಾಟಿ, ಎಲ್ಲರೂ ನಕ್ಕಿದ್ದರು. ನಮ್ಮ ಕಡೆಯ ಮಕ್ಕಳಿಂದ ನಾನು ಇದನ್ನು ಮತ್ತೆ ಮತ್ತೆ ಕೇಳುತ್ತೇನೆ. 1956ರಲ್ಲಿ ಈ ಊರು ಕೇರಳಕ್ಕೆ ಸೇರಿದ ಮೇಲೆ ಕನ್ನಡವನ್ನು ಕಾಪಾಡಿಕೊಳ್ಳಬೇಕು ಅನ್ನುವ ಕಾಳಜಿ ಹಿರಿಯರಲ್ಲಿ ಗಟ್ಟಿಯಾಯಿತು, ಅದು ನಿಜವಾದ ಕಾಳಜಿಯೇ, ಆದರೆ ಮಕ್ಕಳ ಹತ್ತಿರ ಬರುವಷ್ಟರಲ್ಲಿ ಎಷ್ಟೋ ಸಲ ಅದು ತಪ್ಪಾದರೆ ಮರ್ಯಾದೆ ಹೋಗುತ್ತದೆ ಅನ್ನುವ ಹೆದರಿಕೆ ಆಗಿಬಿಡುತ್ತದೆ. ಹೆದರಿಕೊಂಡ ಮಗು ವಿಷಯ ಹುಡುಕುವುದಿಲ್ಲ, ತಪ್ಪು ಹುಡುಕುತ್ತದೆ.

ಬರೆಯುವುದು ಒಂದು ಕೆಲಸ, ತಿದ್ದುವುದು ಇನ್ನೊಂದು, ಎರಡನ್ನೂ ಒಟ್ಟಿಗೆ ಮಾಡಬೇಡಿ ಅಂದೆ. ಇದು ನನ್ನ ಉಪಾಯ ಅಲ್ಲ. ಬರವಣಿಗೆ ಕಲಿಸುತ್ತಿದ್ದ ಅಮೆರಿಕದ ಪೀಟರ್ ಎಲ್ಬೊ 1973ರಲ್ಲೇ ಇದನ್ನು ವಿವರವಾಗಿ ಹೇಳಿದ್ದಾರೆ: ಹತ್ತು ನಿಮಿಷ ಕೈ ನಿಲ್ಲಿಸದೆ ಬರೆಯಿರಿ, ವಾರಕ್ಕೆ ಮೂರು ಸಲವಾದರೂ. ಹಿಂದೆ ತಿರುಗಿ ಓದಬೇಡಿ, ಹೊಡೆದು ಹಾಕಬೇಡಿ, ಒತ್ತಕ್ಷರ ತಪ್ಪಿದರೆ ತಪ್ಪಲಿ. ಏನೂ ಹೊಳೆಯದಿದ್ದರೆ "ಏನೂ ಬರ್ತಿಲ್ಲ" ಅಂತಲೇ ಬರೆಯುತ್ತಾ ಹೋಗಿ. ಇದಕ್ಕೆ ನಾನು ಸೇರಿಸಿದ್ದು ಒಂದೇ ಮಾತು, ನಮ್ಮ ಊರಿಗೆ ಅದು ಬೇಕೇ ಬೇಕು ಅಂತ ನನಗೆ ಖಾತ್ರಿಯಿದೆ: ಯಾವ ಭಾಷೆ ಬರುತ್ತದೋ ಅದರಲ್ಲಿ ಬರೆಯಿರಿ. ಒಂದೇ ಸಾಲಿನಲ್ಲಿ ಮೂರು ಭಾಷೆ ಬಂದರೂ ಪರವಾಗಿಲ್ಲ.

ಸ್ಕೇಲ್ ಒಳಗಿಡಿಸಿದೆ. ಹೊಸ ನೋಟ್‌ಬುಕ್ ಕೂಡ ಬೇಡ ಅಂದೆ, ಚಂದದ ಪುಟ ಕಂಡರೆ ಚಂದ ಬರೆಯಬೇಕು ಅನಿಸುತ್ತದೆ ಅಲ್ವಾ. ಒಂದು ಬದಿ ಪ್ರಿಂಟ್ ಆದ ಹಾಳೆ, ಬಾಲ್ ಪೆನ್ನು ಸಾಕು. ಮೊಬೈಲ್ ಸಮಯ ನೋಡಲಿಕ್ಕೆ ಮಾತ್ರ. ಅದರಲ್ಲಿ ಟೈಪ್ ಮಾಡಿದರೆ ಅದೇ ಪದ ಸೂಚಿಸುತ್ತದೆ, ನಾವು ಅಳಿಸುತ್ತೇವೆ, ಮತ್ತೆ ತಿದ್ದುವ ಕೆಲಸವೇ ಶುರು.

ಮೊದಲ ಹತ್ತು ನಿಮಿಷ ನನ್ನ ಕೋಣೆಯಲ್ಲೇ ಬರೆದರು. ನಾನು ನೋಡುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಮುಗಿದ ಮೇಲೆ ಅವರೇ ಓದಿದರು. ಅರ್ಧ ಪುಟ "ಏನೂ ಬರ್ತಿಲ್ಲ", ಆಮೇಲೆ ತುಳುವಿನಲ್ಲಿ ಅದೇ ಮಾತು, "ದಾಲ ಬರ್ಪುಜಿ", ಆಮೇಲೆ ಸೆಕೆ, ಬಸ್ಸಿನ ರಶ್ಶು, ಮನೆಯ ಸುರಂಗದಲ್ಲಿ ನೀರು ಕಡಿಮೆಯಾದದ್ದು, ಅಜ್ಜೆರ್ ಮೊಂಬತ್ತಿ ಹಿಡಿದು ಒಳಗೆ ಹೋಗುತ್ತಿದ್ದದ್ದು, ಅದು ಆರಿದರೆ ತಿರುಗಿ ಬಂದುಬಿಡುತ್ತಿದ್ದದ್ದು.

ಬೇರೆ ಊರಿನವರಿಗೆ ಹೇಳುವುದಾದರೆ, ಇಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಕ್ಕೆ ಅಡ್ಡವಾಗಿ ಸುರಂಗ ಕೊರೆದು ನೀರು ತೆಗೆಯುತ್ತಾರೆ. ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಒಬ್ಬ ಪಿಕ್ಕಾಸಿನಲ್ಲಿ ಅಗೆದರೆ ಇನ್ನೊಬ್ಬ ಮಣ್ಣು ಹೊರಗೆ ಹಾಕುತ್ತಾನೆ. ಮೊಂಬತ್ತಿ ಆರಿತು ಅಂದರೆ ಒಳಗೆ ಉಸಿರಾಡುವ ಗಾಳಿ ಸಾಲದು ಅಂತ ಲೆಕ್ಕ.

ಬರೆದದ್ದು ವಿಷಯ ಅಲ್ಲ, ವಿಷಯ ಅದರೊಳಗೆ ಇರುತ್ತದೆ. ಎಷ್ಟೋ ಜನ ಬರೆದು ಪಕ್ಕಕ್ಕಿಟ್ಟು "ಪ್ರಯೋಜನ ಆಗಲಿಲ್ಲ" ಅನ್ನುವುದು ಇಲ್ಲೇ. ಒಂದು ದಿನ ಬಿಟ್ಟು ಓದಿ, ಮತ್ತೆ ಮತ್ತೆ ಬಂದದ್ದಕ್ಕೆ, ಬರೆಯುವಾಗ ಕೈ ವೇಗವಾಗಿ ಓಡಿದ ಕಡೆಗೆ ಅಡಿಗೆರೆ ಹಾಕಿ, ಇದು ಯಾವುದರ ಬಗ್ಗೆ ಅಂತ ಒಂದೇ ವಾಕ್ಯ ಬರೆಯಿರಿ, ಆ ವಾಕ್ಯದಿಂದಲೇ ಮುಂದಿನ ಹತ್ತು ನಿಮಿಷ ಶುರು ಮಾಡಿ ಅಂದೆ. ಮುಂದಿನ ಸಲ ಬಂದಾಗ ಸುಮತಿಯ ಹಾಳೆಗಳ ತುಂಬ ಸುರಂಗವೇ. ಕೆಳಗೆ ಒಂದು ವಾಕ್ಯ: "ಅಜ್ಜೆರ್ ಹೇಳುತ್ತಿದ್ದ ಸುರಂಗದ ಮಾತುಗಳು ನನ್ನ ಅಮ್ಮನಿಗೇ ಗೊತ್ತಿಲ್ಲ."

ಸುರಂಗ ತೋಡುವವರ ಕೆಲಸದ ಮಾತುಗಳು ಅನ್ನುವ ವಿಷಯಕ್ಕೆ ಗೈಡ್ ಒಪ್ಪಿದರು. ಎರಡು ಪಂಚಾಯತಿಗೆ ಸೀಮಿತ ಮಾಡಿಕೊಳ್ಳಿ ಅಂದರಂತೆ, ಒಳ್ಳೆಯ ಸಲಹೆ.

ಒಂದು ಎಚ್ಚರಿಕೆ. ತಡೆಯಿಲ್ಲದೆ ಬರೆಯುವಾಗ ಹಳೆಯ ನೋವೂ ಎದ್ದು ಬರಬಹುದು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಕಹಿ ಅನುಭವ ಬರೆದ ವಿದ್ಯಾರ್ಥಿಗಳಿಗೆ ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗಿತ್ತು. ವಿಷಯ ಹುಡುಕಲು ಕೂತವರು ಅಂಥದ್ದು ಬಂದರೆ ಪೆನ್ನು ಕೆಳಗಿಡಿ, ನಂಬಿಕೆಯವರ ಹತ್ತಿರ ಮಾತಾಡಿ. ಪೂರೈಸಲೇಬೇಕು ಅಂತ ಇಲ್ಲ. ಆ ಹಾಳೆಯನ್ನು ಯಾರಿಗೂ ತೋರಿಸಬೇಕಾಗಿಯೂ ಇಲ್ಲ, ಅಮ್ಮನಿಗೂ. ಇದನ್ನು ಸುಮತಿಯ ಅಮ್ಮನಿಗೆ ಬೇರೆಯಾಗಿ ಕೂರಿಸಿ ಹೇಳಿದೆ.

ಈಗ ನಿದ್ದೆ ಪರವಾಗಿಲ್ಲ ಅನ್ನುತ್ತಾರೆ. ಪೀಠಿಕೆಗೆ ಕೂತಾಗ ಮಾತ್ರ ಹೊಡೆದು ಹಾಕುವುದು ತಿರುಗಿ ಶುರುವಾಗಿದೆಯಂತೆ. ಪೀಠಿಕೆ ಕೊನೆಗೆ ಬರೆಯಿರಿ ಅಂದೆ. ಹಿರಿಯರ ಹತ್ತಿರ ಮಾತಾಡಿ ಬಂದ ದಿನ, ರೆಕಾರ್ಡಿಂಗ್ ಕೇಳುವುದಕ್ಕೆ ಮೊದಲೇ ಹತ್ತು ನಿಮಿಷ ಬರೆಯಬೇಕು. ಕನ್ನಡ ತಿದ್ದುವುದು ಅಧ್ಯಾಯ ಪೂರ್ತಿ ಆದ ಮೇಲೆ, ಬೇರೆ ದಿನ, ಬೇರೆ ಪೆನ್ನಿನಲ್ಲಿ.