ಮಸ್ಕತ್‌ನಲ್ಲಿದ್ದು ಗಂಗಾವತಿ ಮನೆಯ ಬಿಲ್

ಪ್ರಶ್ನೆ: ಸರ್, ನಾನು ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೇನೆ. ಗಂಗಾವತಿಯಲ್ಲಿ ಅವ್ವ ಒಬ್ಬಳೇ. ಕರೆಂಟ್, ನಳ, ಮನೆ ಕರ ಎಲ್ಲ ನನ್ನ ಹಳೇ ಉಳಿತಾಯ ಖಾತೆಯಿಂದಲೇ ಕಟ್ಟುತ್ತಿದ್ದೆ. ಊರಿನ ಸಿಮ್ ಬಂದ್ ಆಗಿ ಒಟಿಪಿ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ತಮ್ಮಾ, ಸಿಮ್ ಸಣ್ಣ ಮಾತು, ಖಾತೆಯದು ದೊಡ್ಡದು. ದುಡಿಯಲು ಹೊರದೇಶಕ್ಕೆ ಹೋದವರು ಹಳೇ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆ ಬಿಡುವುದಿಲ್ಲ. ಅದನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳು ಊರಿನ ಆದಾಯ, ಖರ್ಚಿಗೆ ಇಟ್ಟುಕೊಳ್ಳುವ ರೂಪಾಯಿ ಖಾತೆಯಾಗಿ, ಬದಲಿಸಬೇಕು. ಬ್ಯಾಂಕಿನಲ್ಲಿ ಕುಳಿತಿದ್ದಾಗ ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ! ‘ಮುಂದಿನ ಸಲ ಬಂದಾಗ ಮಾಡಸ್ತೀನ್ರಿ’ ಎಂದೇ ಎಲ್ಲರೂ ವಿಮಾನ ಹತ್ತುತ್ತಾರೆ.

ಖಾತೆ ಬದಲಾದ ಮೇಲೆ ಒಮಾನ್ ನಂಬರನ್ನೇ ಅದಕ್ಕೆ ಜೋಡಿಸಿ. 2023ರಿಂದ ಎನ್‌ಆರ್‌ಇ (ಹೊರದೇಶದ ಗಳಿಕೆ ಇಡುವ ಖಾತೆ), ಎನ್‌ಆರ್‌ಒ ಖಾತೆಗಳಿಗೆ ಕೆಲವು ದೇಶಗಳ ನಂಬರಿನಿಂದಲೂ ಯುಪಿಐ ನಡೆಯುತ್ತದೆ. ಒಮಾನ್ ಆ ಪಟ್ಟಿಯಲ್ಲಿದೆ. ನಿಮ್ಮ ಬ್ಯಾಂಕ್ ಈ ಸೌಲಭ್ಯ ಕೊಟ್ಟಿದೆಯೇ ಕೇಳಿಕೊಳ್ಳಿ.

ಜೆಸ್ಕಾಂ ಕರೆಂಟ್ ಬಿಲ್ಲಿನ ಫೋಟೊ ಅವ್ವನಿಂದ ತರಿಸಿಕೊಳ್ಳಿ, ಕಟ್ಟಲು ಬೇಕಾದ ಕರೆಂಟ್ ಖಾತೆ ಸಂಖ್ಯೆ ಅದರಲ್ಲೇ ಇರುತ್ತದೆ. ಗೃಹಜ್ಯೋತಿ ಇದ್ದರೆ ಯೂನಿಟ್ ಮೇಲೆ ಕಣ್ಣಿಡಿ. 200 ದಾಟಿದ ತಿಂಗಳು ಪೂರ್ತಿ ಬಿಲ್ ಬೀಳುತ್ತದೆ. ಗಂಗಾವತಿ ಬಿಸಿಲಿಗೆ ಎಸಿ ಹಾಕಿಸಿದ್ದರಂತೂ ಕೇಳುವುದೇ ಬೇಡ. ಮನೆ ಕರವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ.

ಊರಲ್ಲಿ ನಂಬಿಗಸ್ತ ತಮ್ಮನೋ ತಂಗಿಯೋ ಇದ್ದರೆ ಎನ್‌ಆರ್‌ಒ ಖಾತೆಗೆ ಮ್ಯಾಂಡೇಟ್ ಪತ್ರ (ನಿಮ್ಮ ಪರವಾಗಿ ಖಾತೆ ನಡೆಸುವ ಒಪ್ಪಿಗೆ) ಕೊಡಿ, ಸ್ಥಳೀಯ ಖರ್ಚನ್ನು ಅವರೇ ಕಟ್ಟಬಹುದು. ಒಟಿಪಿಯನ್ನು ಮಾತ್ರ ಫೋನಿನಲ್ಲಿ ಯಾರಿಗೂ ಓದಿ ಹೇಳಬೇಡಿ. ಅವ್ವನ ಕೈಯಲ್ಲೂ ಒಂದಿಷ್ಟು ನಗದು ಇರಲಿ. ಸಿಲಿಂಡರ್ ತಂದವನನ್ನು ಬಾಗಿಲಲ್ಲಿ ನಿಲ್ಲಿಸಿ ಮಸ್ಕತ್‌ಗೆ ಫೋನ್ ಮಾಡುವ ಪಾಡು ಅವರಿಗೆ ಬೇಡ.