ರಂಗದ ಹಿಂದಿನ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ನಮ್ಮೂರಿನ ಹವ್ಯಾಸಿ ತಂಡದ ನಾಟಕಗಳಿಗೆ ಆರು ವರ್ಷಗಳಿಂದ ಪರದೆ ಬರೆದುಕೊಡುತ್ತಿದ್ದೇನೆ. ರಂಗಸಜ್ಜಿಕೆಯನ್ನೂ ನೇಪಥ್ಯದ ನಿರ್ವಹಣೆಯನ್ನೂ ಕ್ರಮವಾಗಿ ಕಲಿಯಬೇಕೆಂದಿದೆ. ಆದರೆ ಕೆಲಸ ಬಿಟ್ಟು ಹೊರಗೆ ಹೋಗಲಾರೆ. ಎಲ್ಲಿಂದ ಆರಂಭಿಸಲಿ?
– ಓದುಗರೊಬ್ಬರು, ತರೀಕೆರೆ

ಉತ್ತರ: ಪರದೆ ಬರೆಯುವವರಿಗೆ ಬಣ್ಣ ಚೆನ್ನಾಗಿ ಒಲಿದಿರುತ್ತದೆ, ಅಳತೆ ಅಷ್ಟಾಗಿ ಒಲಿದಿರುವುದಿಲ್ಲ. ಆದ್ದರಿಂದ ಸ್ವಲ್ಪ ಕಾಲ ಕುಂಚವನ್ನು ಬದಿಗಿಟ್ಟು ಅಳತೆಯ ಟೇಪು ಹಿಡಿಯಿರಿ. ನಿಮ್ಮ ತಂಡ ಆಡುವ ವೇದಿಕೆಯ ಅಗಲ, ಆಳ, ಎತ್ತರ, ವಿಂಗುಗಳ (ವೇದಿಕೆಯ ಎರಡೂ ಬದಿಯ ಮರೆಗಳ) ನಡುವಿನ ಅಂತರ, ನೇಪಥ್ಯಕ್ಕೆ ಹೋಗುವ ಬಾಗಿಲಿನ ಅಗಲ ಇಷ್ಟನ್ನೂ ಬರೆದುಕೊಂಡು, ಅರ್ಧ ಅಂಗುಲಕ್ಕೆ ಒಂದು ಅಡಿಯ ಲೆಕ್ಕದಲ್ಲಿ ನಕ್ಷೆ ಮಾಡಿಕೊಳ್ಳಿ. 30 ಅಡಿ ಅಗಲ, 20 ಅಡಿ ಆಳದ ವೇದಿಕೆ ಆಗ 15 ಅಂಗುಲ, 10 ಅಂಗುಲದ ಕಾಗದದಲ್ಲಿ ಕೂರುತ್ತದೆ. ಬಾಗಿಲಿನ ಅಗಲವನ್ನು ಏಕೆ ಹೇಳಿದೆನೆಂದರೆ, ಅಂಗಳದಲ್ಲಿ ಚೆಂದವಾಗಿ ಕಟ್ಟಿದ ಮಂಟಪವೊಂದು ಪ್ರದರ್ಶನದ ಸಂಜೆ ಒಳಗೇ ಹೋಗದೆ, ಅದನ್ನು ಗರಗಸದಲ್ಲಿ ಎರಡಾಗಿ ಕೊಯ್ದದ್ದನ್ನು ನಾನೇ ನಿಂತು ನೋಡಿದ್ದೇನೆ.

ನಕ್ಷೆಯಾದ ಮೇಲೆ, ತಾಲೀಮು ನಡೆಯುವ ಜಾಗದ ನೆಲಕ್ಕೆ ಬಣ್ಣದ ಟೇಪು ಅಂಟಿಸಿ, ಕಟ್ಟೆ, ಮೆಟ್ಟಿಲು, ಬಾಗಿಲು ಎಲ್ಲವನ್ನೂ ನಿಜವಾದ ಅಳತೆಯಲ್ಲೇ ಗುರುತಿಸಿ. ಸೀರೆಯ ನೆರಿಗೆ ಹಿಡಿದುಕೊಂಡು ಏಳೆಂಟು ಅಂಗುಲದ ಮೆಟ್ಟಿಲನ್ನು ಅರೆಗತ್ತಲಲ್ಲಿ ಹತ್ತಬೇಕಾದ ನಟಿಯ ಕಷ್ಟ ಕಾಗದದ ಮೇಲೆ ಕಾಣುವುದಿಲ್ಲ. ಜೊತೆಗೆ ಮುಂದಿನ ಸಾಲಿನ ಎರಡೂ ತುದಿಯ ಕುರ್ಚಿಗಳಲ್ಲಿ ಒಮ್ಮೆ ಕುಳಿತು ನೋಡಿ. ಅಲ್ಲಿಂದ ವಿಂಗಿನ ಹಿಂದೆ ಕಾಯುತ್ತಿರುವ ನಟ ಕಾಣಿಸಿದರೆ ಮರೆಯ ಬಟ್ಟೆ ಇನ್ನಷ್ಟು ಬೇಕೆಂದು ಅರ್ಥ.

ನಿರ್ವಹಣೆಯನ್ನು ಪರಿಕರಗಳ ಮೇಜಿನಿಂದ ಕಲಿಯುವುದು ಒಳ್ಳೆಯದು. ಬಹಳ ಹಿಂದಿನ ಮಾತು, ಒಂದು ನಾಟಕದಲ್ಲಿ ಲಾಟೀನು ನನ್ನ ಹೊಣೆಯಾಗಿತ್ತು. ‘ಬಲಗಡೆ ಇಡು’ ಎಂದಿದ್ದರು, ಇಟ್ಟೆ. ನನ್ನ ಬಲ ಪ್ರೇಕ್ಷಕರ ಬಲವಾಗಿತ್ತು, ನಟನ ಬಲ ಇನ್ನೊಂದು ಕಡೆಗಿತ್ತು. ಆತ ಬರಿಗೈಯನ್ನೇ ಲಾಟೀನು ಹಿಡಿದಂತೆ ಎತ್ತಿಕೊಂಡು ಬಂದು ‘ಎಂಥಾ ಕತ್ತಲು!’ ಎಂದಾಗ ಸಭೆಯೆಲ್ಲ ನಕ್ಕಿತು. ಅಂದಿನಿಂದ ನಟ ಪ್ರೇಕ್ಷಕರತ್ತ ಮುಖಮಾಡಿ ನಿಂತಾಗಿನ ಎಡಬಲಗಳೇ ಎಡಬಲ ಎಂದು ಮೊದಲ ದಿನವೇ ತಂಡಕ್ಕೆ ಹೇಳಿಬಿಡುತ್ತೇನೆ. ಎರಡೂ ವಿಂಗುಗಳ ಬಳಿ ಒಂದೊಂದು ಮೇಜಿಟ್ಟು, ಮೇಲೆ ಬಿಳಿ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು ಹೆಸರು ಬರೆಯಿರಿ. ಯಾವ ಚೌಕ ಖಾಲಿ ಇದೆಯೋ ಅದೇ ಕಾಣೆಯಾದ ವಸ್ತು. ನಾಟಕದ ಪ್ರತಿಯ ಎದುರು ಪುಟವನ್ನು ಖಾಲಿ ಬಿಟ್ಟು, ಬೆಳಕು ಯಾವ ಮಾತಿಗೆ ಬದಲಾಗುತ್ತದೆ, ಮಂಚ ಯಾವಾಗ ಒಳಗೆ ಬರುತ್ತದೆ, ಅದನ್ನು ಯಾರು ಹೊರುತ್ತಾರೆ ಎಂಬುದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾ ಹೋಗಿ. ತಾಲೀಮಿನಲ್ಲಿ ಇವು ದಿನಕ್ಕೊಂದು ಬಾರಿ ಬದಲಾಗುವುದರಿಂದ ಪೆನ್ನು ಬೇಡ.

ಈ ಕೆಲಸ ನಾಟಕದ ರೂಪವನ್ನೇ ಹೇಗೆ ತಿದ್ದುತ್ತದೆ ಎಂಬುದಕ್ಕೆ ನಮ್ಮ ಕಂಪನಿ ನಾಟಕಗಳಿಗಿಂತ ಒಳ್ಳೆಯ ಪಾಠವಿಲ್ಲ. ಮುಂದೆ ಬೀದಿಯ ಪರದೆ ಬಿಟ್ಟು ಹಾಸ್ಯದ ದೃಶ್ಯ ನಡೆಯುತ್ತಿರುವಾಗ ಹಿಂದೆ ದರ್ಬಾರು ಸಜ್ಜಾಗುತ್ತಿತ್ತು. ಹಾಸ್ಯಗಾರ ಎಷ್ಟು ಹೊತ್ತು ಎಳೆಯಬೇಕೆಂಬುದು ಹಿಂದೆ ಸಿಂಹಾಸನ ಹೊರುವವರ ಕೈಯಲ್ಲಿತ್ತು. ಗಿರೀಶ ಕಾರ್ನಾಡರು 1964ರ ‘ತುಘಲಕ್’ನಲ್ಲಿ ಆಳದ ದೃಶ್ಯ, ಮುಂಪರದೆಯ ದೃಶ್ಯಗಳ ಈ ಸರದಿಯನ್ನೇ ಬಳಸಲು ಹೊರಟದ್ದಾಗಿ ಹೇಳಿಕೊಂಡಿದ್ದಾರೆ. ನಿಮ್ಮ ಊರಿಗೆ ವೃತ್ತಿ ಕಂಪನಿ ಬಂದು ಡೇರೆ ಹಾಕಿದರೆ, ಮಾಲೀಕರನ್ನು ಕೇಳಿ ಒಂದು ರಾತ್ರಿ ಹಿಂದೆ ನಿಂತು ನೋಡಿ. ಪರದೆ ಬರೆಯುವವರೆಂದು ಗೊತ್ತಾದರೆ ಬೇಡವೆನ್ನಲಾರರು.

ಪ್ರಶ್ನೆ: ನಮ್ಮ ಸಮುದಾಯ ಭವನದಲ್ಲಿ ಬಾಡಿಗೆಗೆ ತಂದ 1000 ವ್ಯಾಟಿನ ಆರು ದೀಪಗಳನ್ನು ಒಟ್ಟಿಗೆ ಹೊತ್ತಿಸಿದರೆ ಕರೆಂಟು ಹೋಗುತ್ತದೆ. ಉಳಿದಾಗಲೂ ನಟರ ಕಣ್ಣು ಕಾಣುವುದಿಲ್ಲವೆಂದು ದೂರು. ಏನು ಮಾಡಬೇಕು?
– ಓದುಗರೊಬ್ಬರು, ಗಂಗಾವತಿ

ಉತ್ತರ: ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 1000ವನ್ನು 230ರಿಂದ ಭಾಗಿಸಿದರೆ ಒಂದು ದೀಪಕ್ಕೆ ಸುಮಾರು 4.3 ಆಂಪಿಯರ್, ಆರಕ್ಕೆ 26. ನೀವು ಎಲ್ಲವನ್ನೂ 16 ಆಂಪಿಯರಿನ ಒಂದೇ ಲೈನಿಗೆ ಕೊಟ್ಟಿರುವಂತಿದೆ. ಅದಕ್ಕೆ ಮೂರು ದೀಪಗಳೇ ಮಿತಿ, ಆದ್ದರಿಂದ ಫ್ಯೂಸು ಹೋಗುವುದು ನ್ಯಾಯವೇ. ಫ್ಯೂಸಿಗೆ ದಪ್ಪ ತಂತಿ ಸುತ್ತುವ ಹಳೆಯ ಉಪಾಯವನ್ನು ದಯವಿಟ್ಟು ಮಾಡಬೇಡಿ, ಗೋಡೆಯೊಳಗಿನ ವೈರು ಬೆಂದು ಹೋಗುತ್ತದೆ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಮುಖ್ಯ ಬೋರ್ಡಿನಿಂದಲೇ ಬೇರೆ ಲೈನುಗಳನ್ನು ಎಳೆಸಿ, ಅರ್ತಿಂಗ್ ಪರೀಕ್ಷಿಸಿಕೊಳ್ಳಿ. ಎಲ್‌ಇಡಿ ಪಾರ್ ದೀಪಗಳು (ರಂಗಕ್ಕೆ ಬಳಸುವ ಡಬ್ಬಿಯಾಕಾರದ ದೀಪಗಳು) ಕರೆಂಟನ್ನು ಬಹಳ ಕಡಿಮೆ ಬೇಡುತ್ತವೆ. ಆದರೆ ಅಗ್ಗದ ಎಲ್‌ಇಡಿಯಲ್ಲಿ ಮುಖದ ಬಣ್ಣ ಬಾಡಿದಂತೆ ಕಾಣುವುದರಿಂದ, ಮುಖಕ್ಕೆ ಹಳೆಯ ದೀಪಗಳನ್ನೇ ಉಳಿಸಿಕೊಂಡು ಹಿನ್ನೆಲೆಗೆ ಎಲ್‌ಇಡಿ ಬಳಸುವುದು ನನಗೆ ಸರಿಯೆನಿಸುತ್ತದೆ.

ಕಣ್ಣು ಕಾಣದಿರುವುದು ದೀಪ ನೆತ್ತಿಯ ಮೇಲಿರುವುದರಿಂದ. ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ. ದೀಪಗಳನ್ನು ವೇದಿಕೆಯಿಂದ ಮುಂದಕ್ಕೆ, ಸಭಾಂಗಣದ ಕಡೆಗೆ ತಂದು, ಎಡದಿಂದ ಒಂದು, ಬಲದಿಂದ ಒಂದು ಸುಮಾರು 45 ಡಿಗ್ರಿ ಕೋನದಲ್ಲಿ ಮುಖಕ್ಕೆ ಬೀಳುವಂತೆ ಹಾಕಿ. ನೇರ ಎದುರಿನಿಂದ ಹಾಕಿದರೆ ಮುಖ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಮೇಲೆ ತೂಗುವ ಪ್ರತಿ ದೀಪಕ್ಕೂ ಕ್ಲಾಂಪಿನ ಜೊತೆ ಇನ್ನೊಂದು ಸರಪಳಿ ಕಡ್ಡಾಯವಾಗಿ ಇರಲಿ. ಪರದೆ, ಥರ್ಮೋಕೋಲು ಯಾವುದೂ ಬಿಸಿಯಾದ ದೀಪದ ಹತ್ತಿರ ಬರಬಾರದು.

ಪ್ರಶ್ನೆ: ಪದವಿ ಮುಗಿಯುತ್ತಿದೆ. ನಟನೆ ಬೇಡ, ರಂಗವಿನ್ಯಾಸವನ್ನೇ ಕಲಿಯಬೇಕು. ಎಲ್ಲಿ ಸೇರಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ದೆಹಲಿಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಶಿಕ್ಷಣದಲ್ಲಿ ವಿನ್ಯಾಸವನ್ನು ವಿಶೇಷವಾಗಿ ಅಭ್ಯಾಸ ಮಾಡಲು ಅವಕಾಶವಿದೆ. ಕನ್ನಡದಲ್ಲೇ, ನಿಮ್ಮ ಸೀಮೆಗೆ ಹತ್ತಿರದಲ್ಲೇ ಕಲಿಯುವುದಾದರೆ ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರವಿದೆ. ಕೆ.ವಿ. ಸುಬ್ಬಣ್ಣನವರ ನೀನಾಸಮ್ ಹುಟ್ಟಿದ್ದು 1949ರಲ್ಲಿ, ಶಿಕ್ಷಣ ಕೇಂದ್ರ 1980ರಲ್ಲಿ. ಅಲ್ಲಿ ನಟನೆ ಬೇಡವೆಂದು ಹಟ ಹಿಡಿಯಬೇಡಿ, ಬಣ್ಣ ಹಚ್ಚಿಕೊಂಡು ಆ ಬೆಳಕಿನಲ್ಲಿ ಒಮ್ಮೆ ನಿಂತವರಿಗೆ ದೀಪ ಎಲ್ಲಿ ಕಣ್ಣು ಕುಕ್ಕುತ್ತದೆಂದು ಬೇರೆ ಹೇಳಬೇಕಾಗುವುದಿಲ್ಲ. ಸಂದರ್ಶನಕ್ಕೆ ಹೋಗುವಾಗ ಒಂದು ನಾಟಕಕ್ಕೆ ನೀವೇ ಮಾಡಿದ ನಕ್ಷೆ, ರಟ್ಟಿನ ಮಾದರಿ, ಪರಿಕರಗಳ ಪಟ್ಟಿ ಕೈಯಲ್ಲಿರಲಿ. ಮಾದರಿಯಲ್ಲಿ ಅದೇ ಅಳತೆಗೆ ಕತ್ತರಿಸಿದ ಮನುಷ್ಯನ ಆಕೃತಿಯೊಂದನ್ನು ನಿಲ್ಲಿಸಲು ಮರೆಯಬೇಡಿ. ಅರ್ಧ ಅಂಗುಲಕ್ಕೆ ಒಂದು ಅಡಿ ಎಂದಾದರೆ ಐದೂವರೆ ಅಡಿಯ ಆಳು ಎರಡೂಮುಕ್ಕಾಲು ಅಂಗುಲ ಬರುತ್ತಾನೆ.