ಪಾಲ್ ರಾಜರ್ಸ್ ಅವರ ಸೋಲೋ ಆಲ್ಬಂಗಳನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು?

ಬ್ರಿಟನ್ನಿನ ರಾಕ್ ತಂಡಗಳಾದ ಫ್ರೀ ಮತ್ತು ಬ್ಯಾಡ್ ಕಂಪನಿಯ ಹಾಡುಗಳು ನಿಮಗೆ ತುಂಬಾ ಇಷ್ಟ, ಆದರೆ ಆ ಎರಡೂ ತಂಡಗಳ ಗಾಯಕ ಪಾಲ್ ರಾಜರ್ಸ್ ತಮ್ಮ ಹೆಸರಲ್ಲೇ ಮಾಡಿದ ಆಲ್ಬಂಗಳ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಅವನ್ನು ಕೇಳಬಹುದಾ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಖಂಡಿತ ಕೇಳಿ. ಆದರೆ ಬಿಡುಗಡೆಯಾದ ವರ್ಷದ ಲೆಕ್ಕ ಹಿಡಿದು ಹೋಗಬೇಡಿ. ಹಾಗೆ ಹೋದರೆ ಮೊದಲ ಆಲ್ಬಂನಲ್ಲೇ ಉತ್ಸಾಹ ಇಳಿದುಬಿಡುತ್ತದೆ. 2014ರ ‘ದಿ ರಾಯಲ್ ಸೆಷನ್ಸ್’ ಮೊದಲು ಕೇಳಿ.

ಯಾಕೆ ಅಂತ ಹೇಳುತ್ತೇನೆ. ರಾಜರ್ಸ್ ಅವರದು ದೊಡ್ಡ ದನಿ, ಆದರೆ ಅದನ್ನು ಪೂರ್ತಿ ಬಿಟ್ಟು ಹಾಡುವುದು ಕಮ್ಮಿ. ಸಾಲನ್ನು ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಎತ್ತುತ್ತಾರೆ. ಸಾಲು ಮುಗಿದ ಕೂಡಲೇ ಸುಮ್ಮನಾಗುತ್ತಾರೆ. ಆ ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಮಾತಾಡಬೇಕು. ಫ್ರೀ ತಂಡದಲ್ಲಿ ಗಿಟಾರಿನ ಪಾಲ್ ಕೊಸಾಫ್ ಮಾತಾಡುತ್ತಿದ್ದರು, ಬ್ಯಾಡ್ ಕಂಪನಿಯಲ್ಲಿ ಮಿಕ್ ರಾಲ್ಫ್ಸ್. ನಮ್ಮ ಸಂಗೀತ ಕಚೇರಿಗಳಲ್ಲಿ ಹಾಡುವವರು ಒಂದು ಸಂಗತಿ ಹಾಕಿ ನಿಲ್ಲಿಸಿದಾಗ ಪಿಟೀಲಿನವರು ಅದನ್ನು ಎತ್ತಿಕೊಂಡು ಮುಂದಕ್ಕೆ ಒಯ್ಯುತ್ತಾರಲ್ಲ, ಅದೇ ಕೆಲಸ. ಅವರ ಸೋಲೋ ಆಲ್ಬಂಗಳಲ್ಲಿ ಗಟ್ಟಿ ಯಾವುದು, ಸಪ್ಪೆ ಯಾವುದು ಅನ್ನುವುದು ಈ ಒಂದು ವಿಷಯದ ಮೇಲೆ ನಿಂತಿದೆ ಅಂತ ನನ್ನ ಅಭಿಪ್ರಾಯ.

‘ದಿ ರಾಯಲ್ ಸೆಷನ್ಸ್’ನಲ್ಲಿ ಇರುವುದೆಲ್ಲ ಅಮೆರಿಕದ ಕಪ್ಪು ಜನರ ಸಂಗೀತ ಪ್ರಕಾರಗಳಾದ ಸೋಲ್ ಮತ್ತು ಬ್ಲೂಸ್‌ನ ಹಳೆಯ ಹಾಡುಗಳು. ರೆಕಾರ್ಡ್ ಆಗಿದ್ದು ಅಮೆರಿಕದ ಮೆಂಫಿಸ್‌ನ ರಾಯಲ್ ಸ್ಟುಡಿಯೋಸ್‌ನಲ್ಲಿ. ಅದೊಂದು ಹಳೆಯ ಸಿನಿಮಾ ಟಾಕೀಸು. ನೆಲ ಇವತ್ತಿಗೂ ಇಳಿಜಾರಾಗಿಯೇ ಇದೆ. 1970ರ ದಶಕದಲ್ಲಿ ನಿರ್ಮಾಪಕ ವಿಲ್ಲಿ ಮಿಚೆಲ್ ಅಲ್ಲೇ ಕೂತು ಸೋಲ್ ಗಾಯಕ ಆಲ್ ಗ್ರೀನ್ ಅವರ ಹಾಡುಗಳನ್ನು ಮಾಡಿಸಿದರು. ‘ಐ ಕಾಂಟ್ ಸ್ಟ್ಯಾಂಡ್ ದ ರೇನ್’ ಅಂತ ಆ್ಯನ್ ಪೀಬಲ್ಸ್ 1973ರಲ್ಲಿ ಹಾಡಿದ್ದರಲ್ಲ, ಅದು ಹುಟ್ಟಿದ್ದೂ ಅಲ್ಲೇ. ಆ ಕಾಲದಲ್ಲಿ ಅಲ್ಲಿ ಆರ್ಗನ್ ನುಡಿಸುತ್ತಿದ್ದ ಚಾರ್ಲ್ಸ್ ಹಾಡ್ಜಸ್, ಬೇಸ್ ಗಿಟಾರ್ ನುಡಿಸುತ್ತಿದ್ದ ಅವರ ಸಹೋದರ ಲೀರಾಯ್, ಇಬ್ಬರೂ ಈ ಆಲ್ಬಂನಲ್ಲಿ ಇದ್ದಾರೆ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಿ, ಹಳೆಯ ಕಾಲದ ಟೇಪಿನ ಮೇಲೇ ಹಿಡಿದಿದ್ದಾರೆ. ರಾಜರ್ಸ್ ಆ ವಾದ್ಯಗಾರರ ಜೊತೆಯಲ್ಲೇ ನಿಂತು ಹಾಡಿದ್ದಾರೆ.

ಅದರಲ್ಲಿ ‘ಐ ಹ್ಯಾವ್ ಬೀನ್ ಲವಿಂಗ್ ಯೂ ಟೂ ಲಾಂಗ್’ ಒಂದನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ. ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ 1965ರಲ್ಲಿ ಹಾಡಿದ ಹಾಡು. ರೆಡ್ಡಿಂಗ್ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಕೊನೆಯಲ್ಲಿ ಅಂಗಲಾಚುತ್ತಾರೆ. ಅವರನ್ನು ದೇವರಂತೆ ಕಾಣುವ ಗಾಯಕನಿಗೆ ಅದನ್ನು ಮುಟ್ಟುವುದೇ ಕಷ್ಟ. ಸುಮ್ನೆ ಇನ್ನೂ ಜೋರಾಗಿ ಕೂಗಿ ಗೆಲ್ಲೋಣ ಅನ್ನಿಸುವುದು ಸಹಜ. ರಾಜರ್ಸ್ ಆ ದಾರಿ ಹಿಡಿಯುವುದಿಲ್ಲ. ಅರವತ್ತು ದಾಟಿದ ದನಿಯಲ್ಲಿ ಮೆಲ್ಲಗೆ ಶುರು ಮಾಡುತ್ತಾರೆ, ಪದದ ಕೊನೆಯನ್ನು ಎಳೆಯದೆ ಕೈಬಿಡುತ್ತಾರೆ. ಅವರು ನಿಂತ ಕಡೆ ವಾದ್ಯಗಳು ಒಳಗೆ ಬರುತ್ತವೆ. ನನಗೆ ಅವರ ಸೋಲೋ ರೆಕಾರ್ಡಿಂಗ್‌ಗಳಲ್ಲೆಲ್ಲ ಇದಕ್ಕಿಂತ ಮೇಲಾದದ್ದು ಕಂಡಿಲ್ಲ. ಈ ಆಲ್ಬಂನಿಂದ ಬಂದ ಹಣವನ್ನು ಅವರು ಮೆಂಫಿಸ್‌ನ ಮಕ್ಕಳ ಸಂಗೀತ ಕಲಿಕೆಗೆ ಕೊಟ್ಟರು ಅನ್ನುವುದೂ ಗೊತ್ತಿರಲಿ.

ಎರಡನೆಯದಾಗಿ 1993ರ ‘ಮಡ್ಡಿ ವಾಟರ್ ಬ್ಲೂಸ್’. ಷಿಕಾಗೋ ಬ್ಲೂಸಿನ ಹಿರಿಯ ಮಡ್ಡಿ ವಾಟರ್ಸ್ ನೆನಪಿಗೆ ಮಾಡಿದ್ದು. ಇಲ್ಲಿ ಜೊತೆಗೆ ಗಿಟಾರ್ ನುಡಿಸಿದವರ ಜಾತ್ರೆಯೇ ಇದೆ: ಬಡ್ಡಿ ಗೈ, ಜೆಫ್ ಬೆಕ್, ಡೇವಿಡ್ ಗಿಲ್ಮೋರ್, ಗ್ಯಾರಿ ಮೂರ್, ಸ್ಟೀವ್ ಮಿಲ್ಲರ್, ಸ್ಲ್ಯಾಶ್. ಡ್ರಮ್ಸ್ ಮಾತ್ರ ರಾಕ್ ತಂಡ ಲೆಡ್ ಜೆಪ್ಲಿನ್‌ನ ಡ್ರಮ್ಮರ್ ಜಾನ್ ಬಾನಂ ಅವರ ಮಗ ಜೇಸನ್ ಬಾನಂ ಅವರದು. ಗ್ರ್ಯಾಮಿಗೂ ನಾಮನಿರ್ದೇಶನ ಆಗಿತ್ತು. ನನ್ನ ತಕರಾರು ಒಂದೇ. ಕೆಲವು ಕಡೆ ಗಿಟಾರ್ ಜಾಸ್ತಿ ಆಗಿ ದನಿಗೆ ಉಸಿರಾಡಲು ಜಾಗ ಸಿಗುವುದಿಲ್ಲ. ಗಿಲ್ಮೋರ್ ನುಡಿಸಿದ ‘ಸ್ಟ್ಯಾಂಡಿಂಗ್ ಅರೌಂಡ್ ಕ್ರೈಯಿಂಗ್’ನಲ್ಲಿ ಆ ತೊಂದರೆ ಇಲ್ಲ. ಜೆಫ್ ಬೆಕ್ ಇರುವ ‘ರೋಲಿನ್ ಸ್ಟೋನ್’ ಕೂಡ ಕೇಳಲೇಬೇಕು. 1950ರ ಮೂಲ ಹಾಡಿನಲ್ಲಿ ಮಡ್ಡಿ ವಾಟರ್ಸ್ ಒಬ್ಬರೇ, ಒಂದು ದನಿ ಒಂದು ಗಿಟಾರ್ ಅಷ್ಟೇ. ಮೊದಲು ಅದನ್ನು ಕೇಳಿ, ಆಮೇಲೆ ಇದಕ್ಕೆ ಬನ್ನಿ. ಇನ್ನೊಂದು ವಿಷಯ, ಇಲ್ಲಿರುವ ‘ದಿ ಹಂಟರ್’ ಬ್ಲೂಸ್ ಗಾಯಕ ಆಲ್ಬರ್ಟ್ ಕಿಂಗ್ ಹಾಡಿ ಹೆಸರಾದ ಹಾಡು. ಅದನ್ನು ಫ್ರೀ ತಂಡ 1969ರಲ್ಲೇ ಹಾಡಿತ್ತು. ಹದಿಹರೆಯ ದಾಟದ ಹುಡುಗನ ದನಿ ಮತ್ತು ನಲವತ್ಮೂರರ ದನಿ, ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳುವ ಅವಕಾಶ ಬಿಡಬೇಡಿ.

1990ರ ದಶಕದ ಕೊನೆಯ ‘ನೌ’, ‘ಎಲೆಕ್ಟ್ರಿಕ್’ ಎರಡರಲ್ಲೂ ಸ್ವಂತ ಹಾಡುಗಳಿವೆ. ಚೆನ್ನಾಗಿವೆ, ಆದರೆ ಅವಸರ ಬೇಡ. ‘ನೌ’ ಆಲ್ಬಂನ ‘ಸೋಲ್ ಆಫ್ ಲವ್’ ಮಾತ್ರ ಬೇಗ ಕೇಳಿ.

2023ರ ‘ಮಿಡ್‌ನೈಟ್ ರೋಸ್’ ಬಗ್ಗೆ ಒಂದು ಮಾತು ಗೊತ್ತಿರಬೇಕು. ಅದು ಬಿಡುಗಡೆಯಾದ ಹೊತ್ತಿಗೆ ರಾಜರ್ಸ್ ತಮಗೆ 2 ದೊಡ್ಡ ಮತ್ತು 11 ಸಣ್ಣ ಸ್ಟ್ರೋಕ್ ಆಗಿದ್ದವು ಅಂತ ಮೊದಲ ಬಾರಿ ಹೇಳಿಕೊಂಡರು. ಒಂದು ಹಂತದಲ್ಲಿ ಮಾತೇ ಬರುತ್ತಿರಲಿಲ್ಲ. ಕುತ್ತಿಗೆಯ ರಕ್ತನಾಳಕ್ಕೆ ಆಪರೇಷನ್ ಆಗಿತ್ತು. ಅಂಥವರು ಎಂಟು ಹಾಡುಗಳ ಆಲ್ಬಂ ಮಾಡಿದ್ದಾರೆ, ಅದೂ ಮೆಂಫಿಸ್‌ನಲ್ಲೇ ಹುಟ್ಟಿದ ಹಳೆಯ ರೆಕಾರ್ಡ್ ಕಂಪನಿ ಸನ್ ರೆಕಾರ್ಡ್ಸ್ ಹೆಸರಿನಲ್ಲಿ. ನಿರ್ಮಾಣ ಬಾಬ್ ರಾಕ್ ಮತ್ತು ರಾಜರ್ಸ್ ಅವರ ಹೆಂಡತಿ ಸಿಂಥಿಯಾ ಅವರದು. ಅನುಕಂಪ ತೋರಿಸಿ ಕೇಳಬೇಕಾದ ಆಲ್ಬಂ ಅಲ್ಲ ಅದು. ‘ಲಿವಿಂಗ್ ಇಟ್ ಅಪ್’ನಲ್ಲಿ ಅವರಿಗೆ ಹಾಡುವ ಖುಷಿ ಎಷ್ಟಿದೆ ಅಂತ ಕೇಳಿಯೇ ತಿಳಿಯಬೇಕು.

ಇನ್ನು ಮೊದಲ ಆಲ್ಬಂ, 1983ರ ‘ಕಟ್ ಲೂಸ್’. ಇದನ್ನು ಕೊನೆಗೆ ಇಟ್ಟುಕೊಳ್ಳಿ. ಬ್ಯಾಡ್ ಕಂಪನಿ ಆಗಷ್ಟೇ ಮುರಿದಿತ್ತು. ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್, ಎಲ್ಲವನ್ನೂ ಅವರೊಬ್ಬರೇ ನುಡಿಸಿದರು. ದನಿ ಆಗ ಅದ್ಭುತವಾಗಿತ್ತು. ಆದರೆ ಎದುರಿಗೆ ಇನ್ನೊಬ್ಬರು ಇಲ್ಲದ್ದು ಗೊತ್ತಾಗುತ್ತದೆ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಅದರಲ್ಲಿ ‘ಲಿವ್ ಇನ್ ಪೀಸ್’ ಅನ್ನುವ ಹಾಡಿದೆ. ಅದೇ ಹಾಡನ್ನು 1986ರಲ್ಲಿ ‘ದಿ ಫರ್ಮ್’ ತಂಡದ ‘ಮೀನ್ ಬಿಸಿನೆಸ್’ ಆಲ್ಬಂಗೆ ಮತ್ತೆ ಹಾಡಿದರು, ಈ ಸಲ ಗಿಟಾರ್ ಲೆಡ್ ಜೆಪ್ಲಿನ್‌ನಲ್ಲಿದ್ದ ಜಿಮ್ಮಿ ಪೇಜ್ ಅವರದು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ಯಾವುದು ಹಿಡಿಸಿತು ಅಂತ ಕಮೆಂಟಿನಲ್ಲಿ ತಿಳಿಸಿ.